ಬಾಲಮೂಳೆಯ ಪೆಟ್ಟು: ಮುಚ್ಚಿಡುವ ನೋವಲ್ಲ

ಕೈ ಮುರಿದುಕೊಂಡವರನ್ನು ಊರೆಲ್ಲ ವಿಚಾರಿಸುತ್ತದೆ. ಹಲ್ಲು ನೋವೆಂದರೆ ನೆರೆಮನೆಯವರು ಲವಂಗ ತಂದುಕೊಡುತ್ತಾರೆ. ಆದರೆ ಒದ್ದೆ ನೆಲದ ಮೇಲೆ ಕಾಲು ಜಾರಿ ಕುಂಡಿಯ ಮೇಲೆ ಕುಸಿದು ಬಿದ್ದವರನ್ನು ಕಂಡು ಮೊದಲು ಬರುವುದು ನಗು. ಬಿದ್ದವರೂ ಅದೇ ನಗುವಿನಲ್ಲಿ ಸೇರಿಕೊಂಡು, ಬಟ್ಟೆ ಕೊಡವಿಕೊಂಡು ಎದ್ದುಬಿಡುತ್ತಾರೆ. "ಪೆಟ್ಟಾಯಿತೇ?" ಎಂದು ಕೇಳಿದರೆ "ಏನೂ ಇಲ್ಲ" ಎನ್ನುತ್ತಾರೆ. ಸಂಜೆ ಊಟಕ್ಕೆ ಕುಳಿತಾಗ ಗೊತ್ತಾಗುತ್ತದೆ, ಕೂಡಲು ಆಗುತ್ತಿಲ್ಲ ಎಂದು. ಆ ಜಾಗದ ನೋವನ್ನು ಹೇಳುವುದು ಹೇಗೆ, ಯಾರ ಮುಂದೆ ಹೇಳುವುದು? ಹೀಗೆ ಸಂಕೋಚದಲ್ಲೇ ವಾರ ಕಳೆದು, ತಿಂಗಳು ಕಳೆದು, ಸಣ್ಣ ಪೆಟ್ಟು ದೊಡ್ಡ ತೊಂದರೆಯಾಗುತ್ತದೆ. ಈ ತಿಂಗಳು ಆ ನೋವಿನ ಬಗ್ಗೆಯೇ ನಾಲ್ಕು ಮಾತು ಬರೆಯಬೇಕೆಂದು ನಾವು ನಿಶ್ಚಯಿಸಿದ್ದೇವೆ.

ನಮ್ಮ ಓದುಗರಿಗೆ ಇದು ಮುಖ್ಯವಾಗಲು ಇನ್ನೊಂದು ಕಾರಣವಿದೆ. ನಮ್ಮದು ಬಹುಮಟ್ಟಿಗೆ ಕುಳಿತು ಮಾಡುವ ಕಸುಬು. ಸೊಲ್ಲಾಪುರದ ಬಟ್ಟೆ ಅಂಗಡಿಯಾಗಲಿ, ಜತ್ತಿನ ಕಾಳುಕಡಿ ವ್ಯಾಪಾರವಾಗಲಿ, ವಯನಾಡಿನ ಮೆಣಸು ಕಾಫಿಯ ವಹಿವಾಟಾಗಲಿ, ಬಾಗಿಲು ತೆರೆದಾಗ ಗಾದಿಯ ಮೇಲೆ ಕುಳಿತವರು ಬಾಗಿಲು ಹಾಕುವ ತನಕ ಅಲ್ಲಿಯೇ. ಲೆಕ್ಕದ ವಹಿ ಹೋಗಿ ಕಂಪ್ಯೂಟರ್ ಬಂದರೂ ಕೂಡುವುದು ತಪ್ಪಿಲ್ಲ. ಕಾಲು ಉಳುಕಿದರೆ ಅಂಗಡಿ ನಡೆಸಬಹುದು. ಕೂಡಲು ಆಗದಿದ್ದರೆ ನಡೆಸುವುದು ಕಷ್ಟ.

ಯಾವುದು ಈ ಮೂಳೆ?

ನಮ್ಮ ಬೆನ್ನೆಲುಬಿನಲ್ಲಿ ಹುಟ್ಟುವಾಗ ಸಾಮಾನ್ಯವಾಗಿ 33 ಮಣಿಗಳಿರುತ್ತವೆ. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಅದರ ಕೆಳಗಿನ 5 ಮಣಿಗಳು ದೊಡ್ಡವರಾಗುವ ಹೊತ್ತಿಗೆ ಒಂದಕ್ಕೊಂದು ಬೆಸೆದು ತ್ರಿಕಾಸ್ಥಿ ಎಂಬ ಒಂದೇ ಮೂಳೆಯಾಗುತ್ತವೆ. ಕಟ್ಟಕಡೆಯಲ್ಲಿ ಉಳಿಯುವ ಸಣ್ಣ ಮಣಿಗಳೇ ಬಾಲಮೂಳೆ. ಅವು ಹೆಚ್ಚಿನವರಲ್ಲಿ 4, ಕೆಲವರಲ್ಲಿ 3 ಅಥವಾ 5. ಮರಾಠಿ ಸೀಮೆಯ ನಮ್ಮ ಬಂಧುಗಳಿಗೆ ಇದು 'ಮಾಕಡಹಾಡ', ಅಂದರೆ ಮಂಗನ ಎಲುಬು. ವೈದ್ಯರು ಇದನ್ನು 'ಕಾಕ್ಸಿಕ್ಸ್' ಎನ್ನುತ್ತಾರೆ. ಕೋಗಿಲೆ ಜಾತಿಯ ಹಕ್ಕಿಯ ಗ್ರೀಕ್ ಹೆಸರು ಅದು. ಪಕ್ಕದಿಂದ ನೋಡಿದರೆ ಈ ಮೂಳೆ ಆ ಹಕ್ಕಿಯ ಕೊಕ್ಕಿನಂತೆ ಮುಂದಕ್ಕೆ ಬಾಗಿರುವುದರಿಂದ ಆ ಹೆಸರು.

ಬಾಲ ಹೋದ ಮೇಲೆ ಉಳಿದ ನಿರುಪಯುಕ್ತ ತುಂಡು ಎಂದು ಇದನ್ನು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಹೊಟ್ಟೆಯ ತಳದಲ್ಲಿ ತೊಟ್ಟಿಲಿನ ಬಟ್ಟೆಯಂತೆ ಹರಡಿಕೊಂಡು ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಎತ್ತಿ ಹಿಡಿದಿರುವ ಸ್ನಾಯುಗಳಿವೆ. ಅವುಗಳ ಹಿಂದಿನ ತುದಿ ಬಂದು ಅಂಟಿಕೊಂಡಿರುವುದು ಈ ಮೂಳೆಗೇ. ಕುಂಡಿಯ ದೊಡ್ಡ ಸ್ನಾಯುವಿನ ಕೆಲವು ಎಳೆಗಳೂ, ತ್ರಿಕಾಸ್ಥಿಯಿಂದ ಬರುವ ಬಿಗಿಯಾದ ಕಟ್ಟುಗಳೂ ಇಲ್ಲಿಯೇ ಸೇರುತ್ತವೆ. ಇದಲ್ಲದೆ ನಾವು ಕುಳಿತಾಗ ದೇಹದ ಭಾರ ಮುಖ್ಯವಾಗಿ ಎರಡು ಕುಂಡಿಗಳ ಗಟ್ಟಿ ಮೂಳೆಗಳ ಮೇಲೆ ಬೀಳುತ್ತದೆ. ಹಿಂದಕ್ಕೆ ಒರಗಿದರೆ ಮೂರನೆಯ ಕಾಲಾಗಿ ಬಾಲಮೂಳೆ ಭಾರ ಹೊರುತ್ತದೆ. ಮೂರು ಕಾಲಿನ ಮಣೆಯಲ್ಲಿ ಒಂದು ಕಾಲು ಸಡಿಲಾದರೆ ಏನಾದೀತೋ ಅದೇ ಇಲ್ಲಿಯೂ ಆಗುತ್ತದೆ.

ಬೆನ್ನುಹುರಿಗೆ ಅಪಾಯವಿದೆಯೇ?

ಎಲ್ಲರ ಮನಸ್ಸಿನಲ್ಲಿಯೂ ಇರುವ ಹೆದರಿಕೆ ಇದು. "ಬೆನ್ನೆಲುಬಿನ ತುದಿ ಮುರಿದರೆ ಕಾಲು ಬಿದ್ದುಹೋಗುತ್ತದೆ" ಎಂದು ಹೇಳುವವರಿದ್ದಾರೆ. ಬಾಲಮೂಳೆಗಷ್ಟೇ ಪೆಟ್ಟಾದವರಿಗೆ ಹಾಗೆ ಆಗುವುದಿಲ್ಲ. ಬೆನ್ನುಹುರಿ ಬೆನ್ನೆಲುಬಿನಷ್ಟು ಉದ್ದವಿಲ್ಲ. ದೊಡ್ಡವರಲ್ಲಿ ಅದು ಸೊಂಟದ ಮೊದಲನೆಯ ಅಥವಾ ಎರಡನೆಯ ಮಣಿಯ ಹತ್ತಿರವೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಕುದುರೆಯ ಬಾಲದ ಕೂದಲಿನಂತೆ ನರಗಳ ಗೊಂಚಲು ಇಳಿಯುತ್ತದೆ. ಬಾಲಮೂಳೆಯನ್ನು ಮುಟ್ಟುವುದು ಕೂದಲೆಳೆಯಂಥ ಒಂದು ತಂತುವೂ ಕೆಲವು ಸಣ್ಣ ನರಗಳೂ ಮಾತ್ರ. ಕಾಲುಗಳನ್ನು ನಡೆಸುವ ನರಗಳು ಇದಕ್ಕಿಂತ ಮೇಲೆಯೇ ಹೊರಬಿದ್ದಿರುತ್ತವೆ.

ಹಾಗೆಂದು ಬಿದ್ದ ಪೆಟ್ಟನ್ನೇ ಹಗುರವಾಗಿ ಕಾಣಬಾರದು. ಜೋರಾಗಿ ಕುಸಿದು ಕುಳಿತಾಗ ಆ ಹೊಡೆತ ಮೇಲಕ್ಕೂ ಏರುತ್ತದೆ. ಎಲುಬು ಟೊಳ್ಳಾಗಿರುವ ಹಿರಿಯರಲ್ಲಿ, ಅದರಲ್ಲೂ ಮುಟ್ಟು ನಿಂತ ತಾಯಂದಿರಲ್ಲಿ, ಎದೆ ಮತ್ತು ಸೊಂಟ ಕೂಡುವ ಕಡೆಯ ಮಣಿ ಕುಗ್ಗಿ ಮುರಿಯುವುದುಂಟು. ತೊಡೆಯ ಮೂಳೆಯ ಕತ್ತು ಮುರಿಯುವುದೂ ಉಂಟು. ಆದ್ದರಿಂದ ಹಿರಿಯರು ಬಿದ್ದು ಬೆನ್ನು ಅಥವಾ ತೊಡೆಸಂದಿ ನೋಯುತ್ತದೆಂದರೆ ಮನೆಮದ್ದು ಮಾಡುತ್ತ ಕೂಡದೆ ಅಂದೇ ವೈದ್ಯರಿಗೆ ತೋರಿಸಬೇಕು.

ಬೆನ್ನೂ ನೋಯುವುದೇಕೆ?

ಬಾಲಮೂಳೆ ನೋವಿದ್ದವರು ಕೆಲವು ವಾರಗಳಾದ ಮೇಲೆ "ಈಗ ಸೊಂಟವೂ ಹಿಡಿದಿದೆ, ಒಂದು ಕಡೆಯ ಚಪ್ಪೆಯೂ ನೋಯುತ್ತದೆ" ಎನ್ನುವುದು ಸಾಮಾನ್ಯ. ಇದರಲ್ಲಿ ಆಶ್ಚರ್ಯವಿಲ್ಲ. ನೋಯುವ ತುದಿಯನ್ನು ನೆಲಕ್ಕೆ ತಾಗಿಸದಿರಲು ಮನುಷ್ಯ ಗೊತ್ತಿಲ್ಲದೆಯೇ ಒಂದು ಕುಂಡಿಯ ಮೇಲೆ ಓರೆಯಾಗಿ ಕೂಡುತ್ತಾನೆ. ಆಗ ಸೊಂಟದ ಮಣಿಗಳು ಒಂದು ಪಕ್ಕಕ್ಕೆ ಬಾಗುತ್ತವೆ. ಅದನ್ನು ಸರಿದೂಗಿಸಲು ಮೇಲಿನ ಬೆನ್ನು ಇನ್ನೊಂದು ಪಕ್ಕಕ್ಕೆ ತಿರುಗುತ್ತದೆ, ಹೆಗಲು ಏರುತ್ತದೆ, ಕುತ್ತಿಗೆ ಬಿಗಿಯುತ್ತದೆ. ದಿನಕ್ಕೆ ಹತ್ತು ತಾಸು ಹೀಗೆ ಕುಳಿತರೆ ಬೆನ್ನಿನ ಸ್ನಾಯುಗಳು ದಣಿಯದೆ ಇರುತ್ತವೆಯೇ?

ಇನ್ನೊಂದು ದಾರಿಯೂ ಇದೆ. ಮೂಳೆ ನೋಯುತ್ತಿರುವಾಗ ಅದಕ್ಕೆ ಅಂಟಿದ ತಳದ ಸ್ನಾಯುಗಳು ಕಾವಲಿಗೆ ನಿಂತಂತೆ ಬಿಗಿದುಕೊಳ್ಳುತ್ತವೆ. ಬಿಗಿದ ಸ್ನಾಯು ಮೂಳೆಯನ್ನು ಎಳೆಯುತ್ತದೆ, ಎಳೆದಷ್ಟೂ ನೋವು, ನೋವಾದಷ್ಟೂ ಬಿಗಿತ. ಇದರಿಂದ ಮಲವಿಸರ್ಜನೆಯ ಹೊತ್ತಿನಲ್ಲಿ, ದಾಂಪತ್ಯದ ಹೊತ್ತಿನಲ್ಲಿ, ಕೆಲವು ಹೆಂಗಸರಿಗೆ ಮುಟ್ಟಿನ ದಿನಗಳಲ್ಲಿಯೂ ನೋವು ಹೆಚ್ಚುತ್ತದೆ. ನೋವಿನಿಂದ ನಿದ್ದೆ ಕೆಡುತ್ತದೆ, ಸಿಟ್ಟು ಬೇಗ ಬರುತ್ತದೆ, ನಾಲ್ಕು ಜನರ ನಡುವೆ ಕೂಡುವುದು ಬೇಡವಾಗುತ್ತದೆ. ಬಾಲಮೂಳೆ ಸರಿದರೆ ಬೆನ್ನುಹುರಿಯೇ ಎಳೆದು ತಲೆನೋವು, ಕಣ್ಣುಮಂಜು ಎಲ್ಲ ಬರುತ್ತದೆ ಎಂದು ಹೆದರಿಸುವವರ ಮಾತನ್ನು ನಂಬಬೇಕಾಗಿಲ್ಲ. ಮೈಯೆಲ್ಲ ನೋಯುವುದಕ್ಕೆ ಓರೆ ಕೂಡುವುದು, ಸ್ನಾಯುವಿನ ಬಿಗಿತ, ನಿದ್ದೆಯಿಲ್ಲದಿರುವುದು ಇಷ್ಟೇ ಸಾಕು.

ನಮಗೆ ತಿಳಿದ ಒಂದು ಕೂಡುಮನೆಯಲ್ಲಿ ಹೀಗಾಯಿತು. ಹೊಸದಾಗಿ ಬಂದ ಸೊಸೆ ಬಚ್ಚಲಿನ ಶಹಾಬಾದ್ ಕಲ್ಲಿನ ಮೇಲೆ ಜಾರಿ ಬಿದ್ದಳು. ಮನೆಯಲ್ಲಿ ಮಾವ, ಮೈದುನರು, ದೊಡ್ಡವರು. ಹೇಳಲು ನಾಚಿಕೆ. ಪಂಕ್ತಿಯಲ್ಲಿ ಊಟಕ್ಕೆ ಕೂಡುವುದನ್ನು ತಪ್ಪಿಸಿ ನಿಂತೇ ಬಡಿಸುತ್ತಿದ್ದಳು. ತವರಿಗೆ ಹೋಗುವ ಬಸ್ಸಿನ ಪ್ರಯಾಣವನ್ನು ಬೇಡವೆಂದಳು. ಮನೆಯವರು ಅದಕ್ಕೆ ಬೇರೆ ಅರ್ಥ ಕಟ್ಟಿದರು. "ಹುಡುಗಿಗೆ ನಮ್ಮ ಸಂಗಡ ಕೂಡಲು ಮನಸ್ಸಿಲ್ಲ" ಎಂಬ ಮಾತೂ ಬಂತು. ಸೊಂಟನೋವೆಂದು ಮಾತ್ರ ಒಮ್ಮೆ ಹೇಳಿದ್ದಕ್ಕೆ ಎಣ್ಣೆ ತಿಕ್ಕಿ ಪಟ್ಟಿ ಕಟ್ಟಿದರು. ನಾಲ್ಕು ತಿಂಗಳಾದ ಮೇಲೆ ಒಬ್ಬ ವೈದ್ಯೆ "ಕುಳಿತಾಗ ಹೆಚ್ಚೋ, ನಿಂತಾಗ ಹೆಚ್ಚೋ? ಎಂದಾದರೂ ಬಿದ್ದಿದ್ದೆಯಾ?" ಎಂದು ಕೇಳಿದಾಗ ವಿಷಯ ಹೊರಬಂತು. ಸರಿಯಾದ ದಿಂಬು, ಮಲಬದ್ಧತೆಗೆ ಉಪಚಾರ, ಸ್ನಾಯು ಸಡಿಲಿಸುವ ವ್ಯಾಯಾಮ, ಇಷ್ಟರಿಂದಲೇ ಕೆಲವು ತಿಂಗಳಲ್ಲಿ ಅವಳು ಎಲ್ಲರಂತೆ ಕೂಡುವಂತಾದಳು. ಮೊದಲ ವಾರದಲ್ಲಿ ಅತ್ತೆಯ ಕಿವಿಯಲ್ಲಿ ಒಂದು ಮಾತು ಹೇಳಿದ್ದರೆ ಅಷ್ಟು ದಿನದ ನೋವೂ ತಪ್ಪುತ್ತಿತ್ತು, ಮನಸ್ತಾಪವೂ ತಪ್ಪುತ್ತಿತ್ತು. ಅತ್ತೆಯೇ ಕರೆದು ಕೇಳಿದ್ದರೆ ಇನ್ನೂ ಚೆನ್ನಾಗಿತ್ತು.

ಯಾರಿಗೆ ಹೆಚ್ಚು?

ಈ ನೋವು ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಐದು ಪಟ್ಟು ಹೆಚ್ಚೆಂದು ವೈದ್ಯಗ್ರಂಥಗಳು ಹೇಳುತ್ತವೆ. ಹೆಂಗಸರ ಸೊಂಟದ ಗೂಡು ಅಗಲ, ಬಾಲಮೂಳೆ ಪೆಟ್ಟಿಗೆ ಹೆಚ್ಚು ಈಡಾಗುವಂತೆ ಇರುತ್ತದೆ. ಹೆರಿಗೆಯಲ್ಲಿ ಮಗುವಿನ ತಲೆ ಇಳಿಯುವಾಗ ಈ ಮೂಳೆ ಹಿಂದಕ್ಕೆ ಸರಿಯಬೇಕಾಗುತ್ತದೆ. ಹೆರಿಗೆ ಕಷ್ಟವಾದಾಗ, ಇಕ್ಕಳ ಹಾಕಬೇಕಾದಾಗ ಕೀಲು ಉಳುಕುವುದೋ ಮೂಳೆ ಸೀಳುವುದೋ ಆಗಬಹುದು. ಬಾಣಂತಿ "ಕೂತು ಮಗುವಿಗೆ ಹಾಲು ಕೊಡಲು ಆಗುವುದಿಲ್ಲ" ಎಂದರೆ ಅದನ್ನು ನಖರೆ ಎನ್ನಬಾರದು. ಮೈ ತೂಕ ಹೆಚ್ಚಿದವರು ಕುಳಿತಾಗ ಸೊಂಟದ ಗೂಡು ಸರಿಯಾಗಿ ತಿರುಗದೆ ಮೂಳೆಯ ಮೇಲೆ ಒತ್ತಡ ಬೀಳುತ್ತದೆ. ಬಹಳ ತೆಳ್ಳಗಿನವರಿಗೆ ಮೂಳೆಯ ಮೇಲೆ ಮಾಂಸದ ಮೆತ್ತೆಯೇ ಇರುವುದಿಲ್ಲ.

ಬೀಳದೆಯೂ ಈ ನೋವು ಬರಬಹುದು. ಗಟ್ಟಿ ಹಲಗೆಯ ಮೇಲೆ ಹಿಂದಕ್ಕೆ ಒರಗಿ ದಿನಗಟ್ಟಲೆ ಕೂಡುವುದು, ಕೆಟ್ಟ ರಸ್ತೆಯಲ್ಲಿ ಸ್ಕೂಟರ್ ಓಡಿಸುವುದು, ಬಸ್ಸಿನ ಕೊನೆಯ ಸೀಟಿನಲ್ಲಿ ಎತ್ತಿ ಎತ್ತಿ ಬೀಳುವುದು, ಇವೆಲ್ಲ ಸಣ್ಣ ಸಣ್ಣ ಪೆಟ್ಟುಗಳ ಮೊತ್ತ. ಮಕ್ಕಳ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕೂಡಲು ಹೋಗುವವರ ಕುರ್ಚಿಯನ್ನು ಹಿಂದಕ್ಕೆ ಎಳೆಯುವ ಹುಡುಗಾಟವನ್ನು ನೋಡಿ ಹಿರಿಯರು ನಗಬಾರದು. ಕೂಡಲೇ ಗದರಿಸಿ ನಿಲ್ಲಿಸಬೇಕು.

ಬಿದ್ದ ಕೂಡಲೇ ಏನು ಮಾಡಬೇಕು?

ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಆ ಜಾಗಕ್ಕೆ 15 ರಿಂದ 20 ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಸಲ ಇಡಬೇಕು. ಮಂಜುಗಡ್ಡೆಯನ್ನು ಬರಿ ಮೈಗೆ ತಾಗಿಸಬಾರದು. ಮಲಗುವಾಗ ಪಕ್ಕಕ್ಕೆ ತಿರುಗಿ, ಮೊಣಕಾಲುಗಳ ನಡುವೆ ದಿಂಬಿಟ್ಟುಕೊಂಡರೆ ಆರಾಮ. ಬಾವು ಇಳಿದ ಮೇಲೆ ಅಗಲವಾದ ಬೋಗುಣಿಯಲ್ಲಿ ಹದವಾದ ಬಿಸಿನೀರು ಹಾಕಿ ಹತ್ತು ಹದಿನೈದು ನಿಮಿಷ ಕೂಡುವುದರಿಂದ ಬಿಗಿದ ಸ್ನಾಯುಗಳು ಸಡಿಲಾಗುತ್ತವೆ. ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳಿ ತೆಗೆದುಕೊಳ್ಳಬೇಕು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ರಕ್ತದೊತ್ತಡ ಇದ್ದವರು ಔಷಧದಂಗಡಿಯಿಂದ ತಾವೇ ಕೊಂಡು ನುಂಗಬಾರದು.

ಈ ಮೂಳೆಗೆ ಕೈಕಾಲಿನಂತೆ ಕಟ್ಟು ಹಾಕಲು ಬರುವುದಿಲ್ಲ, ಪ್ಲಾಸ್ಟರೂ ಇಲ್ಲ. ಎಲುಬು ಕೂರಿಸುತ್ತೇವೆಂದು ತುಳಿಯುವವರ, ಜೋರಾಗಿ ತಿಕ್ಕುವವರ ಬಳಿಗೆ ಹೋಗಬೇಡಿ. ಬರಿಯ ಜಜ್ಜುಗಾಯವಾದರೆ ಸಾಮಾನ್ಯವಾಗಿ ನಾಲ್ಕು ವಾರ, ಮುರಿದಿದ್ದರೆ ಎಂಟರಿಂದ ಹನ್ನೆರಡು ವಾರ ಹಿಡಿಯುತ್ತದೆ. ಈ ಕಾಲದಲ್ಲಿ ಮತ್ತೆ ಮತ್ತೆ ಒತ್ತದಂತೆ ನೋಡಿಕೊಳ್ಳುವುದೇ ದೊಡ್ಡ ಚಿಕಿತ್ಸೆ.

ಗಾದಿಯ ಮೇಲೆ ಕೂಡುವ ಬಗೆ

ಮೆತ್ತನೆಯ ಗಾದಿಯಲ್ಲಿ ಹುದುಗಿ, ಲೋಡಿಗೆ ಒರಗಿ ಕೂಡುವುದು ಸುಖವೆಂದು ತೋರುತ್ತದೆ. ಆದರೆ ಬಾಲಮೂಳೆಗೆ ಅದೇ ಹೆಚ್ಚು ಕಷ್ಟ. ಒರಗಿದಷ್ಟೂ ಭಾರ ಹಿಂದಕ್ಕೆ ಹೋಗುತ್ತದೆ. ನೋವಿರುವ ತನಕ ಗಾದಿಯನ್ನು ಬಿಟ್ಟು ಗಟ್ಟಿ ಆಸನದ ಕುರ್ಚಿಗೆ ಬರುವುದು ಲೇಸು. ಎರಡೂ ಪಾದ ನೆಲಕ್ಕೆ ತಾಗಿರಲಿ, ಸೊಂಟದಿಂದ ತುಸು ಮುಂದಕ್ಕೆ ಬಾಗಿ ಕೂಡಿ. ಹಿಂಬದಿ ಮಧ್ಯದಲ್ಲಿ ಕತ್ತರಿಸಿ ಖಾಲಿ ಬಿಟ್ಟ, ಲಾಳದ ಆಕಾರದ ಗಟ್ಟಿ ಸ್ಪಂಜಿನ ದಿಂಬು ಔಷಧದಂಗಡಿಗಳಲ್ಲಿ ಸಿಗುತ್ತದೆ. ಇಲ್ಲವಾದರೆ ಎರಡು ದಪ್ಪ ಟವಲುಗಳನ್ನು ಗಟ್ಟಿಯಾಗಿ ಸುತ್ತಿ, ಎರಡು ತೊಡೆಗಳ ಕೆಳಗೆ ಒಂದೊಂದಾಗಿ ಇಟ್ಟುಕೊಂಡರೂ ನಡುವಿನ ಮೂಳೆ ಗಾಳಿಯಲ್ಲಿ ನಿಲ್ಲುತ್ತದೆ. ಚಕ್ಕುಲಿಯಂತೆ ದುಂಡಗಿರುವ ಗಾಳಿಯ ದಿಂಬು ಎಲ್ಲರಿಗೂ ಹೊಂದುವುದಿಲ್ಲ. ಕೆಲವರಿಗೆ ಅದರ ಹಿಂದಿನ ಅಂಚೇ ಮೂಳೆಗೆ ಒತ್ತುತ್ತದೆ.

ಅರ್ಧ ತಾಸಿಗೊಮ್ಮೆ ಎದ್ದು ನಿಲ್ಲಿ. ಗಿರಾಕಿ ಬಂದಾಗ ಎದ್ದು ಮಾತಾಡಿಸಿದರೆ ವ್ಯಾಪಾರಕ್ಕೂ ಒಳ್ಳೆಯದು, ಮೂಳೆಗೂ ಒಳ್ಳೆಯದು. ಏಳುವಾಗ ಥಟ್ಟನೆ ಏಳದೆ, ಆಸನದ ಅಂಚಿಗೆ ಸರಿದು, ಮುಂದಕ್ಕೆ ಬಾಗಿ ಎದ್ದರೆ ಆ ಕ್ಷಣದ ಚುಚ್ಚುವಿಕೆ ಕಡಿಮೆಯಾಗುತ್ತದೆ. ಬಸದಿಯಲ್ಲಿ, ಪ್ರವಚನದಲ್ಲಿ ನೆಲದ ಮೇಲೆ ಕೂಡಲು ಆಗದಿದ್ದರೆ ಕೆಲವು ತಿಂಗಳು ಕುರ್ಚಿಯ ಮೇಲೆ ಕೂಡಿ. ಅದರಲ್ಲಿ ಅವಮಾನವೇನೂ ಇಲ್ಲ. ಮಂಡಿನೋವಿನವರಿಗೆ ಕುರ್ಚಿ ಕೊಡುವವರು ಇವರಿಗೂ ಕೊಡಲಿ.

ಹೊಟ್ಟೆ ಸಡಿಲವಾಗಿರಲಿ

ಈ ನೋವಿನವರಿಗೆ ಮಲಬದ್ಧತೆ ದೊಡ್ಡ ಶತ್ರು. ತಿಣುಕಿದಾಗಲೆಲ್ಲ ತಳದ ಸ್ನಾಯುಗಳು ಮೂಳೆಯನ್ನು ಎಳೆಯುತ್ತವೆ. ನೋವಿಗೆ ಹೆದರಿ ತಡೆಹಿಡಿದರೆ ಮರುದಿನ ಇನ್ನೂ ಕಷ್ಟ. ಟ್ರಮಡಾಲ್, ಕೊಡೀನ್ ಜಾತಿಯ ನೋವಿನ ಮಾತ್ರೆಗಳು ಮಲಬದ್ಧತೆಯನ್ನು ಹೆಚ್ಚಿಸುತ್ತವೆಂಬುದೂ ನೆನಪಿರಲಿ. ಜೋಳದ ರೊಟ್ಟಿ, ಸಿಪ್ಪೆಯಿರುವ ಕಾಳುಗಳು, ಹೀರೆ, ಸೋರೆ, ಕುಂಬಳ, ಪಪ್ಪಾಯಿ ಊಟದಲ್ಲಿರಲಿ. ಚಾತುರ್ಮಾಸದಲ್ಲಿ ಸೊಪ್ಪು ಬಿಡುವ ಮನೆಗಳಲ್ಲಿಯೂ ಇಷ್ಟಕ್ಕೆ ಅಡ್ಡಿಯಿಲ್ಲ. ಇಸಬಗೋಲಿನ ಹೊಟ್ಟನ್ನು ಸಾಕಷ್ಟು ನೀರಿನೊಡನೆ ತೆಗೆದುಕೊಳ್ಳಬಹುದು. ಸಂಜೆಯ ನಂತರ ನೀರು ಬಿಡುವವರು ಹಗಲಿನಲ್ಲಿಯೇ ಕಾಸಿ ಆರಿಸಿದ ನೀರನ್ನು ಹೊತ್ತು ಹೊತ್ತಿಗೆ ಕುಡಿಯಬೇಕು. ನೋವು ಜೋರಾಗಿರುವಾಗ ನೀರಿಲ್ಲದ ದೀರ್ಘ ಉಪವಾಸಕ್ಕೆ ಮುಂಚೆ ವೈದ್ಯರನ್ನು ಕೇಳುವುದು ವಿವೇಕ.

ವೈದ್ಯರಲ್ಲಿ ಏನು ಉಪಾಯವಿದೆ?

ಈ ನೋವಿಗೆ ಕಾಕ್ಸಿಡೀನಿಯಾ ಎಂಬ ಹೆಸರನ್ನು ಬಳಕೆಗೆ ತಂದವರು ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್, 1859ರಲ್ಲಿ. ಹೆರಿಗೆಯಲ್ಲಿ ಕ್ಲೋರೋಫಾರ್ಮ್ ಬಳಸಿದ ಪ್ರಸಿದ್ಧ ವೈದ್ಯರೇ ಅವರು. ಬಹಳ ಕಾಲ ಇದನ್ನು ಮನಸ್ಸಿನ ಭ್ರಮೆ ಎಂದು ತಳ್ಳಿಹಾಕಿದವರೂ ಇದ್ದರು. ಮಲಗಿಸಿ ತೆಗೆದ ಎಕ್ಸರೇಯಲ್ಲಿ ಹಲವು ಸಲ ಏನೂ ಕಾಣದಿದ್ದುದು ಇದಕ್ಕೆ ಒಂದು ಕಾರಣ. 1990ರ ದಶಕದಲ್ಲಿ ಪ್ಯಾರಿಸಿನ ಜ್ಯಾನ್-ಈವ್ ಮೇನ್ ಎಂಬ ವೈದ್ಯರು, ರೋಗಿ ನಿಂತಾಗ ಒಂದು, ನೋವು ಬರುವಂತೆ ಕುಳಿತಾಗ ಒಂದು ಎಕ್ಸರೇ ತೆಗೆದು ಹೋಲಿಸಿ ನೋಡಿದರು. ಕುಳಿತಾಗ ಮೂಳೆ ತುಸು ಬಾಗುವುದು ಸಹಜ. 25 ಡಿಗ್ರಿಗಿಂತ ಹೆಚ್ಚು ಬಾಗಿದರೆ, ಅಥವಾ ಕೀಲಿನಿಂದ ಹಿಂದಕ್ಕೆ ಜಾರಿದರೆ, ನೋವಿನ ಮೂಲ ಅಲ್ಲಿರಬಹುದೆಂದು ಅವರು ತೋರಿಸಿದರು. ಎಕ್ಸರೇಯಲ್ಲಿ ಮೂಳೆ ಮುಂದಕ್ಕೆ ಡೊಂಕಾಗಿ ಕಂಡ ಮಾತ್ರಕ್ಕೆ ಮುರಿದಿದೆ ಎಂದು ಗಾಬರಿಯಾಗಬಾರದು. ಎಷ್ಟೋ ಜನರಿಗೆ ಅದು ಹುಟ್ಟಿನಿಂದಲೇ ಹಾಗಿರುತ್ತದೆ.

ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ದಿಂಬು, ಕೂಡುವ ರೀತಿ, ಮಾತ್ರೆ, ವ್ಯಾಯಾಮ ಇಷ್ಟರಿಂದಲೇ ಗುಣವಾಗುತ್ತದೆ. ಎರಡು ಮೂರು ತಿಂಗಳಾದರೂ ಇಳಿಯದಿದ್ದರೆ ತಳದ ಸ್ನಾಯುಗಳನ್ನು ಸಡಿಲಿಸಲು ತಿಳಿದ ಫಿಸಿಯೋಥೆರಪಿಸ್ಟರ ಸಹಾಯ ಪಡೆಯಬಹುದು. ಮೂಳೆಯ ಸುತ್ತ ಅಥವಾ ಅದರ ಮುಂದಿರುವ ಸಣ್ಣ ನರಗಂಟಿಗೆ ಚುಚ್ಚುಮದ್ದು ಕೊಡುವ ವಿಧಾನವೂ ಇದೆ. ಇವೆಲ್ಲ ಸೋತ ಕೆಲವರಿಗೆ ಮಾತ್ರ ಮೂಳೆಯನ್ನು ತೆಗೆಯುವ ಶಸ್ತ್ರಕ್ರಿಯೆ. ಗುದದ್ವಾರ ಹತ್ತಿರವಿರುವುದರಿಂದ ಅಲ್ಲಿ ಗಾಯಕ್ಕೆ ಸೋಂಕು ತಗಲುವ ಭಯ ಹೆಚ್ಚು. ಅದಕ್ಕಾಗಿಯೇ ವೈದ್ಯರು ಅವಸರ ಮಾಡುವುದಿಲ್ಲ.

ಈ ಲಕ್ಷಣ ಕಂಡರೆ ತಡಮಾಡಬೇಡಿ

ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಮಲದ ಹಿಡಿತ ತಪ್ಪುವುದು, ಕುದುರೆಯ ಜೀನು ತಾಗುವ ಜಾಗದಲ್ಲಿ, ಅಂದರೆ ಗುದದ ಸುತ್ತ ಮತ್ತು ತೊಡೆಯ ಒಳಮಗ್ಗುಲಲ್ಲಿ ಮರಗಟ್ಟುವುದು, ಕಾಲಿನ ಬಲ ಕುಂದುವುದು, ಇವು ನರಗಳ ಗೊಂಚಲಿಗೆ ಒತ್ತು ಬಿದ್ದಿರುವ ಸೂಚನೆ. ರಾತ್ರಿಯಾದರೂ ಸರಿ, ಆಗಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಜ್ವರದೊಡನೆ ಆ ಜಾಗ ಕೆಂಪಾಗಿ ಊದಿ ಕೀವು ಬಂದರೆ ಅದು ಮೂಳೆಯ ನೋವಲ್ಲ, ಅಲ್ಲಿನ ಕುರು ಇರಬಹುದು. ಬೀಳದೆಯೇ ಬಂದ ನೋವು ಮಲಗಿದರೂ ಬಿಡದೆ, ದಿನೇ ದಿನೇ ಏರುತ್ತ, ಮೈ ತೂಕವೂ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಪೂರ್ತಿ ತಪಾಸಣೆ ಆಗಲೇಬೇಕು.

ಬೀಳದಂತೆ ಮಾಡುವುದು ಎಲ್ಲಕ್ಕಿಂತ ಮೇಲು. ಬಚ್ಚಲಿನಲ್ಲಿ ಒರಟು ಚಾಪೆ ಹಾಕಿ, ಗೋಡೆಗೆ ಹಿಡಿಕೆ ಹೊಡೆಸಿ. ಮಳೆಗಾಲಕ್ಕೆ ಮೊದಲೇ ಅಂಗಳದ, ಮೆಟ್ಟಿಲುಗಳ ಪಾಚಿ ಕೆರೆಸಿ. ವಯನಾಡು, ಕಾಸರಗೋಡಿನ ಬಂಧುಗಳಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಶ್ರವಣಬೆಳಗೊಳದ ದೊಡ್ಡಬೆಟ್ಟದಲ್ಲಿ ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಹತ್ತುವಾಗಿನ ಎಚ್ಚರ ಇಳಿಯುವಾಗ ಇರುವುದಿಲ್ಲ, ಕಾಲು ಸೋತಿರುವುದೂ ಆಗಲೇ. ಕಂಬಿ ಹಿಡಿದು ನಿಧಾನ ಇಳಿಯಿರಿ.

ಕೊನೆಯದಾಗಿ ಮನೆಯ ಹಿರಿಯರಿಗೆ ನಮ್ಮ ವಿನಂತಿ ಒಂದೇ. ಮನೆಯಲ್ಲಿ ಯಾರಾದರೂ ಓರೆಯಾಗಿ ಕೂಡುತ್ತಿದ್ದರೆ, ಕೂಡುವ ಸಂದರ್ಭವನ್ನೇ ತಪ್ಪಿಸುತ್ತಿದ್ದರೆ, ಏಳುವಾಗ ಮುಖ ಕಿವುಚುತ್ತಿದ್ದರೆ, ಅವರನ್ನು ಒಂಟಿಯಾಗಿ ಕರೆದು ಕೇಳಿ. ಹೆಂಗಸರಾದರೆ ಹೆಂಗಸರೇ ಕೇಳಲಿ. ದೇಹದ ಯಾವ ಮೂಳೆಯೂ ನಾಚಿಕೆಗೇಡಿನದಲ್ಲ. ಹೇಳಿಕೊಳ್ಳಲು ಒಬ್ಬರು ಸಿಕ್ಕರೆ ಈ ನೋವಿನ ಅರ್ಧ ಭಾರ ಅಂದೇ ಇಳಿಯುತ್ತದೆ. ಉಳಿದರ್ಧವನ್ನು ಒಳ್ಳೆಯ ವೈದ್ಯರೂ, ಸರಿಯಾದ ದಿಂಬೂ, ಕೆಲವು ವಾರಗಳ ತಾಳ್ಮೆಯೂ ಇಳಿಸುತ್ತವೆ.